ಯೀಸ್ಟಿನ ಆರ್‌ಟಿಸಿ: ತಿದ್ದುಪಡಿ ಆಗಿದೆ, ಸುದ್ದಿ ಮುಟ್ಟಿಲ್ಲ

ಯೀಸ್ಟ್ ಜೀನುಗಳ ಒಂದು ಪಟ್ಟಿಯ ಹನ್ನೊಂದನೇ ಸಾಲಿನಲ್ಲಿ ಜೀನಿನ ಹೆಸರು ಇರಬೇಕಾದ ಕಡೆ ಒಂದು ತಾರೀಕು ಇತ್ತು. ಅಕ್ಟೋಬರ್ 1. ನನ್ನ ಎಂಎಸ್ಸಿ ವಿದ್ಯಾರ್ಥಿನಿ ಅದನ್ನು ನೋಡಿ, "ಮೇಡಂ, ಇದು ಪ್ರಯೋಗ ಮಾಡಿದ ದಿನ ಇರ್ಬಹುದಾ?" ಎಂದು ಕೇಳಿದಳು. ಅಲ್ಲ. ಯೀಸ್ಟಿನಲ್ಲಿ ಓ-ಸಿ-ಟಿ-1 ಎಂಬ ಜೀನ್ ಇದೆ. ಮೈಟೊಕಾಂಡ್ರಿಯದಲ್ಲಿ ಕೆಲಸ ಮಾಡುವ ಒಂದು ಕಿಣ್ವ ಅದರಿಂದ ಬರುತ್ತದೆ. ಎಕ್ಸೆಲ್ ಆ ಹೆಸರನ್ನು ಅಕ್ಟೋಬರ್ ಒಂದು ಎಂದು ಓದಿಕೊಂಡು ತಾರೀಕು ಮಾಡಿಬಿಟ್ಟಿತ್ತು. ಇದು ಅವಳೊಬ್ಬಳ ಪಾಡಲ್ಲ. ಎಕ್ಸೆಲ್ ಜೀನ್ ಪಟ್ಟಿ ಸೇರಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಇದೆ ಎಂದು 2016ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಮನುಷ್ಯರ ಜೀನುಗಳಿಗೆ ಹೆಸರು ಕೊಡುವ ಸಮಿತಿ ಕೊನೆಗೆ ಕೆಲವು ಹೆಸರುಗಳನ್ನೇ ಬದಲಿಸಬೇಕಾಯಿತು.

ಈ ತಪ್ಪು ಪಕ್ಕನೆ ಕಣ್ಣಿಗೆ ಬೀಳುತ್ತದೆ. ಬೀಳದ ತಪ್ಪೇ ಜಾಸ್ತಿ ತೊಂದರೆ ಕೊಡುವುದು. ಅದೇ ಪಟ್ಟಿಯ ಹದಿನಾಲ್ಕನೇ ಸಾಲು ನಮ್ಮ ನಾಲ್ಕು ತಿಂಗಳು ತಿಂದಿತು.

ಅವಳ ಪ್ರಾಜೆಕ್ಟ್ ಕಳ್ಳಿನ ಯೀಸ್ಟಿನ ಮೇಲೆ. ಕಾಪು ಕಡೆಯ ಮೂರ್ತೆದಾರರೊಬ್ಬರು ಬೆಳಿಗ್ಗೆ ಇಳಿಸಿದ ಕಳ್ಳನ್ನು ಬಾಟಲಿಯಲ್ಲಿ ಕೊಟ್ಟಿದ್ದರು. ಮಂಗಳೂರಿನ ಎಷ್ಟೋ ಕ್ರಿಶ್ಚಿಯನ್ ಮನೆಗಳಲ್ಲಿ ಇಡ್ಲಿಯಂಥ 'ಸಣ್ಣ' ಎಂಬ ತಿಂಡಿ ಉಬ್ಬುವುದು ಇಂಥ ಕಳ್ಳಿನಿಂದಲೇ. ಅದರಲ್ಲಿರುವ ಯೀಸ್ಟ್ ಎಷ್ಟು ಆಲ್ಕೋಹಾಲ್ ತಡೆದುಕೊಳ್ಳುತ್ತದೆ, ಯಾವ ಜೀನುಗಳು ಅದಕ್ಕೆ ನೆರವಾಗುತ್ತವೆ ಎಂದು ನೋಡುವುದು ಅವಳ ಕೆಲಸ. ಮೇಲೆ ಹೇಳಿದ ಹಳೆಯ ಪಟ್ಟಿ ಕೈಗೆ ಸಿಕ್ಕಿದ್ದು ಆಗಲೇ. ತೆಗೆದುಹಾಕಿದರೆ ಯೀಸ್ಟ್ ಆಲ್ಕೋಹಾಲಿಗೆ ಸೋಲುವಂಥ ಜೀನುಗಳ ಪಟ್ಟಿ ಅದು. ಅದರ ಹದಿನಾಲ್ಕನೇ ಸಾಲಿನಲ್ಲಿ ವೈಒಆರ್331ಸಿ ಎಂಬ ಹೆಸರಿತ್ತು. ಅದರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಹೊಸದೇನೋ ಸಿಗುತ್ತದೆ ಎಂದು ಅವಳಿಗೆ ಖುಷಿಯೋ ಖುಷಿ. ಬೇಕಾದ ಜೀನನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಂಡು, ಅಂದರೆ ಪ್ರೈಮರ್ ತರಿಸಿದೆವು, ಆರ್‌ಎನ್‌ಎ ತೆಗೆದೆವು, ಪಿಸಿಆರ್ ಮಾಡಿ ಆ ಭಾಗದ ಪ್ರತಿಗಳನ್ನು ಹೆಚ್ಚಿಸಿದೆವು. ಜೆಲ್ ಮೇಲೆ ಬ್ಯಾಂಡ್ ಚೆನ್ನಾಗಿಯೇ ಬಂತು. ಕತ್ತಲೆ ಕೋಣೆಯಲ್ಲಿ ಹೊಳೆಯುವ ಆ ಗೆರೆ ನೋಡಿ ಇಬ್ಬರೂ ನಂಬಿದೆವು.

ಆಮೇಲೆ ಒಂದು ಸಂಜೆ ಸ್ಯಾಕರೊಮೈಸಿಸ್ ಜೀನೋಮ್ ಡೇಟಾಬೇಸಿನಲ್ಲಿ ಆ ಹೆಸರನ್ನು ಹುಡುಕಿದೆವು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿರುವ ಈ ಡೇಟಾಬೇಸನ್ನು ಎಲ್ಲರೂ ಎಸ್‌ಜಿಡಿ ಅನ್ನುತ್ತಾರೆ. ಅಲ್ಲಿ ಆ ಜೀನಿನ ಪಕ್ಕ ಒಂದೇ ಪದ: ಡ್ಯೂಬಿಯಸ್. ಅಂದರೆ ಸಂಶಯಾಸ್ಪದ. ಇದು ಕೆಲಸ ಮಾಡುವ ಪ್ರೋಟೀನ್ ಕೊಡುವ ಸಾಧ್ಯತೆ ಕಡಿಮೆ, ವಿಎಂಎ4 (ವೈಒಆರ್332ಡಬ್ಲ್ಯು) ಎಂಬ ನಿಜವಾದ ಜೀನಿನ ಮೇಲೆಯೇ ಇದು ಹಾದುಹೋಗಿದೆ ಎಂದು ವಿವರಣೆ. ವಿಎಂಎ4 ಜೀವಕೋಶದ ಒಳಗಿನ ಚೀಲಕ್ಕೆ ಆಮ್ಲ ತುಂಬುವ ಪಂಪಿನ ಒಂದು ಭಾಗ. ಆ ಪಂಪ್ ಕೆಟ್ಟರೆ ಯೀಸ್ಟ್ ಆಲ್ಕೋಹಾಲ್ ತಡೆದುಕೊಳ್ಳುವುದಿಲ್ಲ ಎಂಬುದು ಮೊದಲೇ ಗೊತ್ತಿರುವ ಸಂಗತಿ. ಹಾಗಾದರೆ ಆಗಿದ್ದಿಷ್ಟು. 331ನ್ನು ಕತ್ತರಿಸಿದವರು ತಿಳಿಯದೆ 332ನ್ನೂ ಕತ್ತರಿಸಿದ್ದರು. ನಮ್ಮ ಜೆಲ್ ಮೇಲೆ ಹೊಳೆದ ಬ್ಯಾಂಡ್ ಕೂಡ ವಿಎಂಎ4ರದ್ದೇ. ನಾಲ್ಕು ತಿಂಗಳು ನಾವು ಬೇರೆಯವರ ಜಾಗವನ್ನು ಅಳೆಯುತ್ತಾ ಕೂತಿದ್ದೆವು.

ತಿದ್ದುಪಡಿ ಎಷ್ಟೋ ವರ್ಷದ ಹಿಂದೆಯೇ ಆಗಿತ್ತು. ನಮಗೆ ಮುಟ್ಟಿರಲಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕೇ. ಜೀನೋಮಿನ, ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎಯ ದಾಖಲೆಯಲ್ಲಿ ತಪ್ಪು ತಿದ್ದುವುದು ಕಷ್ಟದ ಕೆಲಸ, ನಿಜ. ಆದರೆ ತಿದ್ದಿದ್ದು ಎಲ್ಲ ಪ್ರತಿಗಳಿಗೂ ಮುಟ್ಟುವಂತೆ ನೋಡಿಕೊಳ್ಳುವುದು ಅದಕ್ಕಿಂತ ಕಷ್ಟ. ಅದನ್ನು ನೋಡಿಕೊಳ್ಳುವವರ ಸಂಬಳಕ್ಕೇ ಈಗ ಸಂಚಕಾರ ಬಂದಿದೆ.

ನೆಲ ಒಂದು, ದಾಖಲೆ ಇನ್ನೊಂದು

ಜೀನೋಮ್ ಓದಿ ಆಗಿದೆ ಅಂದರೆ ಎಲ್ಲ ಗೊತ್ತಾಗಿದೆ ಎಂದು ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಓದಿದಾಗ ಸಿಗುವುದು ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳ ಉದ್ದದ ಸಾಲು ಮಾತ್ರ. ಅದು ಬರೀ ನೆಲ. ಯಾವ ಜೀನ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಅದರ ಹೆಸರೇನು, ಕೆಲಸವೇನು ಎಂದು ಬರೆದಿಡುವುದಕ್ಕೆ ಅನೊಟೇಶನ್ ಎನ್ನುತ್ತಾರೆ. ನಮ್ಮ ಕಡೆಯವರಿಗೆ ಹೇಳುವುದಾದರೆ ಅದು ಜೀನೋಮಿನ ಪಹಣಿ, ಆರ್‌ಟಿಸಿ. ನೆಲ ಇದ್ದಲ್ಲೇ ಇರುತ್ತದೆ. ಗಡಿ ತಪ್ಪಾಗಿರಬಹುದು, ಹೆಸರು ತಪ್ಪಾಗಿರಬಹುದು. ತೆಂಗಿನ ತೋಟ ಇರುವಲ್ಲಿ ಗದ್ದೆ ಎಂದು ಬರೆದಿರಬಹುದು. ಆರ್‌ಟಿಸಿ ತಿದ್ದುಪಡಿಗೆ ಅಲೆದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಯೀಸ್ಟ್ ಜೀನುಗಳ ಹೆಸರೂ ಥೇಟ್ ಸರ್ವೆ ನಂಬರಿನ ಹಾಗೆಯೇ ಇದೆ. ವೈಒಆರ್331ಸಿ ಎಂಬುದನ್ನು ಬಿಡಿಸಿ ನೋಡಿ. ವೈ ಅಂದರೆ ಯೀಸ್ಟ್. ಒ ಇಂಗ್ಲಿಷಿನ ಹದಿನೈದನೇ ಅಕ್ಷರ, ಹಾಗಾಗಿ ಹದಿನೈದನೇ ಕ್ರೋಮೋಸೋಮ್. ಆರ್ ಅಂದರೆ ಬಲಗೈ, ಎಲ್ ಇದ್ದರೆ ಎಡಗೈ. 331 ಅಂದರೆ ನಡುವಿನ ಗಂಟಿನಿಂದ ಎಣಿಸುತ್ತಾ ಹೋದರೆ 331ನೆಯದು. ಕೊನೆಯ ಸಿ ಅಥವಾ ಡಬ್ಲ್ಯು ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದು ಎಂದು ಹೇಳುತ್ತದೆ. ಕ್ರಿಕ್ ಮತ್ತು ವಾಟ್ಸನ್ ಎಂಬ ಇಬ್ಬರು ವಿಜ್ಞಾನಿಗಳ ಮೊದಲಕ್ಷರ ಅವು. ಇಷ್ಟೆಲ್ಲ ನಂಬರ್ ಹಾಕಿ ಮುಗಿದ ಮೇಲೆ ನಡುವೆ ಹೊಸ ಜೀನ್ ಸಿಕ್ಕಿದರೆ? ಸರ್ವೆ ನಂಬರಿಗೆ ಹಿಸ್ಸೆ ಸೇರಿಸುವಂತೆ ಹಿಂದಿನ ಹೆಸರಿಗೆ ಎ, ಬಿ ಎಂದು ಬಾಲ ಸೇರಿಸುತ್ತಾರೆ. ಅಂಥ ಬಾಲ ಕಂಡರೆ ಇದು ಮೊದಲ ಸರ್ವೆಯಲ್ಲಿ ಬಿಟ್ಟುಹೋಗಿ ಆಮೇಲೆ ಸೇರಿದ್ದು ಎಂದು ತಿಳಿಯಬಹುದು.

ಕೆಲವು ಹೆಸರುಗಳಲ್ಲಿ ಒಂದು ಕಾಲದ ಅಜ್ಞಾನ ಹಾಗೆಯೇ ಉಳಿದಿದೆ. ಒಂದನೇ ಕ್ರೋಮೋಸೋಮಿನಲ್ಲಿ ಎಫ್‌ಯುಎನ್12 ಎಂಬ ಜೀನ್ ಇದೆ. ಅದು 'ಕೆಲಸ ಗೊತ್ತಿಲ್ಲ' ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಮಾಡಿದ ಹೆಸರು. ಪ್ರೋಟೀನ್ ತಯಾರಿ ಶುರುವಾಗುವ ಹೊತ್ತಿಗೆ ಬೇಕಾದ ಮುಖ್ಯ ಅಂಶ ಅದು ಎಂದು ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಬದಲಾಗಲಿಲ್ಲ.

1996ರ ಸರ್ವೆ

ಮನುಷ್ಯ, ಗಿಡ, ಶಿಲೀಂಧ್ರ ಎಲ್ಲರ ಜೀವಕೋಶದಲ್ಲೂ ನ್ಯೂಕ್ಲಿಯಸ್ ಇದೆ ಅಲ್ವಾ? ಅಂಥ ಜೀವಿಗಳಲ್ಲಿ ಮೊದಲು ಪೂರ್ತಿ ಜೀನೋಮ್ ಓದಿಸಿಕೊಂಡದ್ದು ಬ್ರೆಡ್ ಮತ್ತು ಬಿಯರಿನ ಯೀಸ್ಟ್. ಬೆಲ್ಜಿಯಂನ ಆಂದ್ರೆ ಗೊಫೋ ಮುಂದಾಳತ್ವದಲ್ಲಿ ಯುರೋಪ್, ಅಮೆರಿಕ, ಕೆನಡಾ, ಜಪಾನಿನ 600ಕ್ಕೂ ಹೆಚ್ಚು ವಿಜ್ಞಾನಿಗಳು ಹಂಚಿಕೊಂಡು ಕೆಲಸ ಮಾಡಿದರು. 1992ರಲ್ಲಿ ಮೂರನೇ ಕ್ರೋಮೋಸೋಮ್ ಮುಗಿಯಿತು. 1996ರಲ್ಲಿ ಹದಿನಾರೂ ಮುಗಿದವು. ಒಟ್ಟು ಸುಮಾರು 1 ಕೋಟಿ 20 ಲಕ್ಷ ಅಕ್ಷರಗಳು. ಅದರಲ್ಲಿ ಪ್ರೋಟೀನ್ ಕೊಡಬಹುದಾದ 5,885 ಜೀನುಗಳಿವೆ ಎಂದು ಬರೆದರು. ಆ ಕಾಲದ ಸಲಕರಣೆಯಲ್ಲಿ ಇದು ಅಸಾಧ್ಯ ಅನ್ನಿಸುವಂಥ ಸಾಧನೆ. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಆದರೆ 5,885 ಎಂಬುದು ಎಣಿಸಿದ್ದಲ್ಲ, ಅಂದಾಜು. ಅದು ಹೇಗೆ ಬಂತು ನೋಡೋಣ.

ಡಿಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಓದಬೇಕು. ಅಂಥ ತ್ರಿವಳಿಗಳು ಒಟ್ಟು 64. ಅದರಲ್ಲಿ ಮೂರು 'ಇಲ್ಲಿಗೆ ನಿಲ್ಲಿಸು' ಎನ್ನುತ್ತವೆ. ಎಟಿಜಿ ಎಂಬುದು 'ಶುರು ಮಾಡು' ಎನ್ನುತ್ತದೆ. ಎಟಿಜಿಯಿಂದ ಹೊರಟು ನಿಲ್ಲಿಸು ಸಿಗುವವರೆಗಿನ ಉದ್ದವನ್ನು ಓಆರ್‌ಎಫ್ ಅನ್ನುತ್ತಾರೆ. ಸಮಸ್ಯೆ ಏನೆಂದರೆ, ಅಕ್ಷರಗಳನ್ನು ಸುಮ್ನೆ ಚೆಲ್ಲಿದರೂ ಇಂಥ ಸಾಲುಗಳು ತಾನಾಗಿ ಹುಟ್ಟುತ್ತವೆ. ಯಾವುದು ನಿಜವಾದ ಜೀನ್, ಯಾವುದು ಆಕಸ್ಮಿಕ? ಇದಕ್ಕೆ ಅವರು ಒಂದು ಸರಳ ಗೆರೆ ಎಳೆದರು. ಕನಿಷ್ಠ 100 ತ್ರಿವಳಿ ಉದ್ದ ಇದ್ದರೆ ಜೀನ್ ಎಂದು ಬರೆಯೋಣ, ಕಡಿಮೆ ಇದ್ದರೆ ಬಿಡೋಣ. ಲೆಕ್ಕ ಹಾಕಿದರೆ ಇದಕ್ಕೆ ಕಾರಣ ತಿಳಿಯುತ್ತದೆ. ಸುಮ್ನೆ ಚೆಲ್ಲಿದ ಅಕ್ಷರಗಳಲ್ಲಿ ಸತತ 100 ತ್ರಿವಳಿಗಳವರೆಗೆ ಒಂದೂ 'ನಿಲ್ಲಿಸು' ಬಾರದೇ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಹುಡುಕುವ ಜಾಗ ಕೋಟಿಗಟ್ಟಲೆ ಅಕ್ಷರ, ಅದೂ ಎರಡೂ ಎಳೆಗಳಲ್ಲಿ. ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದರೂ ಅಷ್ಟು ದೊಡ್ಡ ಜಾಗದಲ್ಲಿ ನೂರಾರು ಸುಳ್ಳು ಜೀನುಗಳು ನುಸುಳುತ್ತವೆ.

ಇನ್ನೊಂದು ಕಡೆ ಚಿಕ್ಕ ನಿಜ ಜೀನುಗಳು ಹೊರಗೆ ಉಳಿಯುವ ಅಪಾಯ. ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮಿನಲ್ಲೇ ಎಲ್41 ಎಂಬ ಪ್ರೋಟೀನ್ ಇದೆ. ಉದ್ದ ಬರೀ 25 ಅಮೈನೋ ಆಮ್ಲ, ಅಂದರೆ 25 ತ್ರಿವಳಿ. ಒಂದು ತ್ರಿವಳಿಗೆ ಪ್ರೋಟೀನಿನ ಒಂದು ಅಮೈನೋ ಆಮ್ಲ. ಅದು ಯೀಸ್ಟಿನಲ್ಲೂ ಇದೆ, ನಿಮ್ಮಲ್ಲೂ ನನ್ನಲ್ಲೂ ಇದೆ. ಯೀಸ್ಟಿನ ಗಂಡು ಹೆಣ್ಣಿನಂಥ ಎರಡು ಬಗೆಗಳು ಒಂದನ್ನೊಂದು ಕರೆಯಲು ಬಿಡುವ ಸಂಕೇತದ ಒಂದು ಜೀನ್ ಕೂಡ 36 ಅಮೈನೋ ಆಮ್ಲದಷ್ಟೇ ಉದ್ದ. ಇವು ಬೇರೆ ದಾರಿಯಿಂದ ಮೊದಲೇ ಗೊತ್ತಿದ್ದವು, ಹಾಗಾಗಿ ಪಟ್ಟಿಯಲ್ಲಿ ಉಳಿದವು. ಗೊತ್ತಿಲ್ಲದೆ ಬಿಟ್ಟುಹೋದ ಚಿಕ್ಕವುಗಳನ್ನು ಇವತ್ತಿಗೂ ಹುಡುಕುತ್ತಿದ್ದಾರೆ.

ಇವಲ್ಲದೆ ಓದುವಾಗ ಆದ ತಪ್ಪುಗಳು. ಒಂದೇ ಒಂದು ಅಕ್ಷರ ಬಿಟ್ಟುಹೋದರೂ ಮುಂದಿನ ತ್ರಿವಳಿಗಳೆಲ್ಲ ಜರುಗುತ್ತವೆ. ಒಂದು ಜೀನ್ ಎರಡಾಗಿ ಕಾಣುತ್ತದೆ, ಇಲ್ಲವೇ ಎರಡು ಸೇರಿ ಒಂದಾಗಿ ಕಾಣುತ್ತವೆ. ಶುರುವಿನ ಎಟಿಜಿ ಯಾವುದು ಎಂಬಲ್ಲೂ ತಕರಾರು. ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಸಿಗುವ ಎಟಿಜಿಯನ್ನೇ ಶುರು ಎಂದು ಬರೆದುಕೊಂಡಿದ್ದರು. ಜೀವಕೋಶ ಕೆಲವೊಮ್ಮೆ ಇನ್ನೂ ಮುಂದಿನದನ್ನು ಹಿಡಿಯುತ್ತದೆ. ಕೆಲವು ಜೀನುಗಳ ನಡುವೆ ಪ್ರೋಟೀನ್ ಕಟ್ಟುವ ಮೊದಲು ಕತ್ತರಿಸಿ ತೆಗೆಯುವ ಭಾಗ ಇರುತ್ತದೆ, ಅದು ಇಂಟ್ರಾನ್. ಯೀಸ್ಟಿನಲ್ಲಿ ಇಂಟ್ರಾನ್ ಇರುವ ಜೀನುಗಳು ನೂರಕ್ಕೆ ಐದರಷ್ಟು ಮಾತ್ರ. ಕಡಿಮೆ ಇರುವುದರಿಂದಲೇ ಕೆಲವು ಕಣ್ಣು ತಪ್ಪಿಸಿಕೊಂಡವು.

ನೆಂಟರನ್ನು ಕೇಳಿ ತಿಳಿದದ್ದು

ದೊಡ್ಡ ಶುದ್ಧೀಕರಣ ಆದದ್ದು 2003ರಲ್ಲಿ. ಅಮೆರಿಕದ ತಂಡವೊಂದು ಬ್ರೆಡ್ ಯೀಸ್ಟಿನ ಮೂರು ಹತ್ತಿರದ ನೆಂಟರ ಜೀನೋಮ್ ಓದಿ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಯೋಚನೆ ಬಹಳ ಚಂದ. ಅದನ್ನು ಕನ್ನಡದಲ್ಲೇ ತೋರಿಸುತ್ತೇನೆ.

ಮೂರು ಮೂರು ಅಕ್ಷರದ ಪದಗಳ ಒಂದು ವಾಕ್ಯ ತೆಗೆದುಕೊಳ್ಳಿ: ಮರದ ಹಲಸು ಅಜ್ಜಿಗೆ ಸಿಕ್ಕಿತು. ಇದರಿಂದ ಒಂದೇ ಅಕ್ಷರ, 'ದ' ಮಾತ್ರ ತೆಗೆಯಿರಿ. ಮತ್ತೆ ಮೂರು ಮೂರಾಗಿ ಓದಿ: ಮರಹ ಲಸುಅ ಜ್ಜಿಗೆಸಿ ಕ್ಕಿತು. ಏನೂ ಅರ್ಥವಿಲ್ಲ. ಈಗ ಮೂರು ಅಕ್ಷರ ಒಟ್ಟಿಗೆ, 'ಮರದ' ಎಂಬುದನ್ನೇ ತೆಗೆಯಿರಿ: ಹಲಸು ಅಜ್ಜಿಗೆ ಸಿಕ್ಕಿತು. ಅರ್ಥ ಉಳಿಯಿತು. ಜೀವ ವಿಕಾಸದಲ್ಲೂ ಹೀಗೆಯೇ. ನಿಜವಾದ ಜೀನಿನಲ್ಲಿ ಅಕ್ಷರ ಬಿದ್ದುಹೋದರೆ ಅಥವಾ ಸೇರಿದರೆ ಹೆಚ್ಚಾಗಿ ಮೂರರ ಲೆಕ್ಕದಲ್ಲೇ ಆಗಿರುತ್ತದೆ. ಬೇರೆ ಲೆಕ್ಕದಲ್ಲಿ ಆದ ಯೀಸ್ಟ್ ಹೆಚ್ಚಾಗಿ ಉಳಿದಿರುವುದಿಲ್ಲ. ಆಕಸ್ಮಿಕವಾಗಿ ಹುಟ್ಟಿದ ಸಾಲಿನಲ್ಲಿ ಅಂಥ ಕಟ್ಟುಪಾಡು ಇಲ್ಲ. ಒಂದು, ಎರಡು, ನಾಲ್ಕು ಎಷ್ಟು ಅಕ್ಷರ ಬೇಕಾದರೂ ಬಿದ್ದುಹೋಗಿರುತ್ತದೆ. ನಾಲ್ಕು ನೆಂಟರಲ್ಲಿ ಮೂರರ ಲೆಕ್ಕ ಉಳಿದಿದೆಯೇ ಎಂದು ನೋಡಿದರೆ ಸಾಕು, ಸುಳ್ಳು ಜೀನ್ ಸಿಕ್ಕಿಬೀಳುತ್ತದೆ.

ಹೀಗೆ ನೋಡಿ ಸುಮಾರು 500 ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕು ಎಂದು ಅವರು ಹೇಳಿದರು. ಅದೇ ಹೊತ್ತಿಗೆ ಬೇರೆ ತಂಡಗಳೂ ಬೇರೆ ಶಿಲೀಂಧ್ರಗಳನ್ನು ಇಟ್ಟು ಇದೇ ಬಗೆಯ ತಿದ್ದುಪಡಿ ಕೊಟ್ಟವು. ಎಸ್‌ಜಿಡಿ ಆಗ ಒಂದು ತೀರ್ಮಾನ ಮಾಡಿತು. ನನಗೆ ಅದು ತುಂಬ ಸರಿ ಅನ್ನಿಸುತ್ತದೆ. ಹೆಸರುಗಳನ್ನು ಅಳಿಸಲಿಲ್ಲ. ಎಲ್ಲವನ್ನೂ ಮೂರು ಗುಂಪು ಮಾಡಿತು. ಪ್ರಯೋಗದಿಂದ ಖಚಿತವಾದವು, ಇರಬಹುದು ಆದರೆ ಕೆಲಸ ಗೊತ್ತಿಲ್ಲದವು, ಸಂಶಯಾಸ್ಪದವಾದವು. ಅಳಿಸಿದ್ದರೆ ಹಳೆಯ ಪ್ರಬಂಧಗಳಲ್ಲಿ ಬರುವ ವೈಒಆರ್331ಸಿ ಏನೆಂದು ಹುಡುಕಿದವರಿಗೆ ಉತ್ತರವೇ ಸಿಗುತ್ತಿರಲಿಲ್ಲ. ಈಗ ಹುಡುಕಿದರೆ ಎಚ್ಚರಿಕೆ ಸಿಗುತ್ತದೆ. ಹುಡುಕಬೇಕು, ಅಷ್ಟೇ.

ಅಳಿಸದೇ ಇದ್ದುದಕ್ಕೆ ಇನ್ನೂ ಒಂದು ಕಾರಣ ಇದೆ. ನೆಂಟರಲ್ಲಿ ಇಲ್ಲ ಎಂದ ಮಾತ್ರಕ್ಕೆ ಸುಳ್ಳು ಎಂದು ಹೇಳಲಾಗದು. ಕೆಲವು ಜೀನುಗಳು ಈ ಒಂದು ಜಾತಿಯಲ್ಲೇ ಹೊಸದಾಗಿ ಹುಟ್ಟಿರಬಹುದು. ಬಿಎಸ್‌ಸಿ4 ಎಂಬ ಜೀನ್ ಹೀಗೆ ಖಾಲಿ ಜಾಗದಿಂದಲೇ ಹೊಸದಾಗಿ ಎದ್ದದ್ದು ಎಂದು 2008ರಲ್ಲಿ ತೋರಿಸಿದರು. 2009ರಲ್ಲಿ ಇನ್ನೊಂದು ಹೊಸ ವಿಧಾನ ಬಂತು, ಅದನ್ನೂ ಮೊದಲು ಪ್ರಯೋಗಿಸಿದ್ದು ಯೀಸ್ಟಿನ ಮೇಲೆ. ರೈಬೋಸೋಮ್ ಯಾವ ಆರ್‌ಎನ್‌ಎ ಮೇಲೆ ಕೂತಿದೆಯೋ ಅಲ್ಲಿಯ ಸುಮಾರು 28 ಅಕ್ಷರದ ತುಂಡನ್ನು ಅದು ಮುಚ್ಚಿ ಕಾಪಾಡುತ್ತದೆ. ಆ ತುಂಡುಗಳನ್ನು ಆರಿಸಿ ಓದಿದರೆ ಜೀವಕೋಶ ಈ ಕ್ಷಣ ಎಲ್ಲೆಲ್ಲಿ ಪ್ರೋಟೀನ್ ಕಟ್ಟುತ್ತಿದೆ ಎಂದು ಗೊತ್ತಾಗುತ್ತದೆ. ನೋಡಿದರೆ, ಪಟ್ಟಿಯಲ್ಲಿ ಇಲ್ಲದ ಸಾವಿರಾರು ಚಿಕ್ಕ ಜಾಗಗಳಲ್ಲೂ ಸ್ವಲ್ಪ ಸ್ವಲ್ಪ ಕಟ್ಟುತ್ತಿದೆ! ಅವುಗಳಲ್ಲಿ ಎಷ್ಟು ಕೆಲಸಕ್ಕೆ ಬರುತ್ತವೆ, ಎಷ್ಟು ಹುಟ್ಟಿ ಹಾಗೆಯೇ ಹೋಗುತ್ತವೆ ಎಂಬ ಚರ್ಚೆ ಇನ್ನೂ ನಡೆದಿದೆ. ಜೀನ್ ಅಂದರೆ ಯಾವುದು ಎಂಬ ಗೆರೆಯೇ ಮಸುಕಾಗಿದೆ.

ಪ್ರೋಟೀನನ್ನೇ ನೇರವಾಗಿ ಹಿಡಿದು ನೋಡುವ ದಾರಿಯೂ ಇದೆ. ಪ್ರೋಟೀನನ್ನು ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿ, ಆ ತುಂಡು ಜೀನೋಮಿನ ಯಾವ ಜಾಗದಿಂದ ಬಂತು ಎಂದು ಹುಡುಕುವುದು. ಕರ್ನಾಟಕಕ್ಕೆ ಇದರಲ್ಲಿ ಒಳ್ಳೆಯ ಹೆಸರಿದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು 2014ರಲ್ಲಿ ಮನುಷ್ಯನ 17,294 ಜೀನುಗಳ ಪ್ರೋಟೀನುಗಳನ್ನು ಹೀಗೆ ಗುರುತಿಸಿದರು. ಜೀನ್ ಇಲ್ಲ ಎಂದುಕೊಂಡಿದ್ದ ಜಾಗಗಳಿಂದಲೂ ಪ್ರೋಟೀನ್ ಬರುತ್ತಿರುವುದನ್ನು ತೋರಿಸಿದರು. ಆ ಕೆಲಸಕ್ಕೆ ಆಕ್ಷೇಪವೂ ಬಂತು. ವಾಸನೆ ಹಿಡಿಯುವ ಪ್ರೋಟೀನುಗಳು ಇರಬಾರದ ಅಂಗಾಂಶಗಳಲ್ಲಿ ಸಿಕ್ಕಂತೆ ಕಂಡದ್ದು ಸಾಕ್ಷ್ಯ ಸಡಿಲ ಎಂಬುದರ ಗುರುತು ಎಂದು ಕೆಲವರು ಬರೆದರು. ಹೊಸ ಜೀನ್ ಸೇರಿಸುವಾಗ ಎಷ್ಟು ಬಿಗಿಯಾಗಿರಬೇಕು ಎಂಬುದಕ್ಕೆ ಇದು ಒಳ್ಳೆಯ ಪಾಠ. ನಮ್ಮ ಮಂಗಳೂರಿನಲ್ಲೂ, ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ, ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಪ್ರೋಟೀನ್ ಅಧ್ಯಯನ ನಡೆಯುತ್ತಿದೆ. ಊರಿನ ಮಕ್ಕಳು ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ.

ತಿದ್ದಿದ್ದು ಯಾಕೆ ಮುಟ್ಟುವುದಿಲ್ಲ

ಯೀಸ್ಟ್ ಜೀನೋಮಿನ ಅಕ್ಷರಗಳನ್ನೇ 2011ರಲ್ಲಿ ಹೊಸ ಯಂತ್ರದಲ್ಲಿ ಮತ್ತೆ ಓದಿ ಸರಿಪಡಿಸಿದರು. ಅದು 64ನೇ ಬಿಡುಗಡೆ. ಅಂದರೆ 1996ರಿಂದ ಅಷ್ಟು ಸಲ ಅಕ್ಷರ ತಿದ್ದಿದ್ದರು! ಅಲ್ಲಿಂದ ಈಚೆಗೆ ಅಕ್ಷರ ಹಾಗೆಯೇ ಇದೆ, ಆದರೆ ಅನೊಟೇಶನ್ ಬದಲಾಗುತ್ತಲೇ ಇದೆ. 64ರ ಪಕ್ಕದ ಉಪನಂಬರುಗಳು ಅದನ್ನು ಹೇಳುತ್ತವೆ. ಇಷ್ಟು ಜತನದಿಂದ ನೋಡಿಕೊಂಡ ಜೀನೋಮ್ ಬೇರೆ ಯಾವುದೂ ಇರಲಿಕ್ಕಿಲ್ಲ.

ಹಾಗಿದ್ದರೂ ಹಳೆಯ ತಪ್ಪು ಕಾಪು ಕಡೆಯ ಕಳ್ಳಿನ ಬಾಟಲಿಯವರೆಗೆ ಬಂತಲ್ಲ, ಯಾಕೆ?

ಮೊದಲನೆಯದಾಗಿ, ಫ್ರೀಜರಿನಲ್ಲಿರುವ ತಟ್ಟೆಗಳು ತಿದ್ದುಪಡಿ ಆಗುವುದಿಲ್ಲ. ಒಂದೊಂದೇ ಜೀನನ್ನು ಕತ್ತರಿಸಿ ತೆಗೆದ ಸಾವಿರಾರು ಯೀಸ್ಟ್ ತಳಿಗಳ ಸಂಗ್ರಹವನ್ನು ದೊಡ್ಡ ಒಕ್ಕೂಟವೊಂದು ತಯಾರು ಮಾಡಿ 2002ರಲ್ಲಿ ವರದಿ ಮಾಡಿತು. ಆಗ ಇದ್ದ ಪಟ್ಟಿಯ ಪ್ರಕಾರ ಕತ್ತರಿಸಿದ್ದು. ಜಗತ್ತಿನ ನೂರಾರು ಪ್ರಯೋಗಾಲಯಗಳು ಅದರ ಪ್ರತಿ ತರಿಸಿಕೊಂಡವು. ಆ ತಟ್ಟೆಯ ಗುಳಿಯೊಂದರಲ್ಲಿ ವೈಒಆರ್331ಸಿ ಎಂಬ ಚೀಟಿ ಇವತ್ತಿಗೂ ಇದೆ. ಅದನ್ನು ಇಟ್ಟುಕೊಂಡು ಪ್ರಯೋಗ ಮಾಡಿದವರ ಪಟ್ಟಿಯಲ್ಲಿ ಆ ಹೆಸರು ಬಂದೇ ಬರುತ್ತದೆ. ಪ್ರಯೋಗ ಸುಳ್ಳಲ್ಲ, ಯೀಸ್ಟ್ ನಿಜವಾಗಿಯೂ ಆಲ್ಕೋಹಾಲಿಗೆ ಸೋತಿತು. ಸೋತದ್ದು ಯಾರಿಂದ ಎಂಬಲ್ಲಿ ಹೆಸರು ತಪ್ಪಿತು.

ಎರಡನೆಯದು, ದಾಖಲೆ ಯಾರದ್ದು ಎಂಬ ಪ್ರಶ್ನೆ. ಜೆನ್‌ಬ್ಯಾಂಕ್ ಎಂಬ ದೊಡ್ಡ ಭಂಡಾರದಲ್ಲಿ ಒಂದು ದಾಖಲೆಯನ್ನು ಅದನ್ನು ಕೊಟ್ಟವರೇ ತಿದ್ದಬೇಕು. ಬೇರೆಯವರು ತಪ್ಪು ಕಂಡರೂ ಕೈ ಹಾಕುವ ಹಾಗಿಲ್ಲ. ಕೊಟ್ಟವರು ನಿವೃತ್ತರಾಗಿದ್ದರೆ, ತೀರಿಹೋಗಿದ್ದರೆ, ಬೇರೆ ಕೆಲಸಕ್ಕೆ ಹೋಗಿದ್ದರೆ ದಾಖಲೆ ಹಾಗೆಯೇ ಕೂತಿರುತ್ತದೆ. ಅಜ್ಜನ ಹೆಸರಿನಲ್ಲೇ ಉಳಿದ ಆರ್‌ಟಿಸಿಯ ಹಾಗೆ. ರೆಫ್‌ಸೀಕ್ ಎಂಬ ಇನ್ನೊಂದು ಸಂಗ್ರಹ ಇದಕ್ಕಾಗಿಯೇ ಹುಟ್ಟಿತು. ಯೀಸ್ಟಿನ ಮಟ್ಟಿಗೆ ಅಲ್ಲಿಯ ದಾಖಲೆಯನ್ನು ಎಸ್‌ಜಿಡಿಯವರೇ ಹೊಸದಾಗಿ ಇಡುತ್ತಾರೆ. ಹಾಗಾಗಿ ಒಂದೇ ಜೀನಿಗೆ ಎರಡು ಕಡೆ ಎರಡು ಬಗೆಯ ದಾಖಲೆ ಸಿಗುವುದು ಸಾಧ್ಯ, ಹೊಸಬರಿಗೆ ಯಾವುದನ್ನು ನಂಬಬೇಕೆಂದು ಗೊತ್ತಾಗುವುದಿಲ್ಲ.

ಮೂರನೆಯದು ನನ್ನನ್ನು ಹೆಚ್ಚು ಕಾಡುವುದು. ಈಗ ದಿನಾ ಹೊಸ ಜೀನೋಮುಗಳು ಓದಲ್ಪಡುತ್ತಿವೆ. ಅವುಗಳ ಅನೊಟೇಶನನ್ನು ಮನುಷ್ಯರು ಕೂತು ಬರೆಯುವುದಿಲ್ಲ. ಕಂಪ್ಯೂಟರ್ ಹಳೆಯ ಜೀನೋಮಿನಲ್ಲಿ ಹೋಲುವ ಸಾಲು ಹುಡುಕಿ ಅದರ ಹೆಸರನ್ನೇ ಹಾಕುತ್ತದೆ. ಆ ಹೊಸದರಿಂದ ಇನ್ನೂ ಹೊಸದಕ್ಕೆ. ಮೂಲದಲ್ಲಿ ತಪ್ಪು ತಿದ್ದಿದರೂ ನಕಲುಗಳಿಗೆ ಅದು ತಿಳಿಯುವುದಿಲ್ಲ. ಕಿಣ್ವಗಳ ಕೆಲಸದ ಬಗ್ಗೆ 2009ರಲ್ಲಿ ಬಂದ ಪರಿಶೀಲನೆಯೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಮನುಷ್ಯರು ಓದಿ ಬರೆದ ಸ್ವಿಸ್‌ಪ್ರಾಟ್ ಡೇಟಾಬೇಸಿನಲ್ಲಿ ತಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಾನಾಗಿ ತುಂಬಿಕೊಳ್ಳುವ ಭಂಡಾರಗಳಲ್ಲಿ ಅದು ಬಹಳ ಜಾಸ್ತಿ. ಇದಕ್ಕಾಗಿಯೇ ಜೀನ್ ಆಂಟಾಲಜಿ ಎಂಬ ವ್ಯವಸ್ಥೆಯಲ್ಲಿ ಪ್ರತಿ ಮಾತಿನ ಪಕ್ಕ ಸಾಕ್ಷ್ಯದ ಗುರುತು ಇರುತ್ತದೆ. ಪ್ರಯೋಗ ಮಾಡಿ ಕಂಡದ್ದೋ, ಹೋಲಿಕೆಯಿಂದ ಊಹಿಸಿದ್ದೋ, ಯಾರೂ ನೋಡದೆ ಕಂಪ್ಯೂಟರ್ ಹಾಕಿದ್ದೋ ಎಂದು ಅದರಿಂದ ತಿಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ಹೆಸರನ್ನು ಓದುತ್ತಾರೆ, ಗುರುತನ್ನು ಓದುವುದಿಲ್ಲ. ಹೇಳಿಕೊಡಬೇಕಾದವರು ನಾವು, ನಾವೂ ಹೇಳಿಕೊಟ್ಟಿಲ್ಲ.

ಕೂತು ಓದುವವರು

ಎಸ್‌ಜಿಡಿಯಂಥ ಕಡೆ ಕ್ಯುರೇಟರುಗಳು ಇರುತ್ತಾರೆ. ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರೇ ಹೆಚ್ಚು. ಅವರ ಕೆಲಸ ಹೊಸ ಪ್ರಬಂಧಗಳನ್ನು ಓದಿ ಅದರಲ್ಲಿರುವ ಸಂಗತಿಯನ್ನು ಸರಿಯಾದ ಜೀನಿನ ಸರಿಯಾದ ಜಾಗದಲ್ಲಿ ಬರೆಯುವುದು, ಒಂದಕ್ಕೊಂದು ವಿರುದ್ಧ ಇದ್ದರೆ ತಾಳೆ ನೋಡುವುದು, ತಪ್ಪು ತಿಳಿಸಿದವರಿಗೆ ಉತ್ತರ ಕೊಡುವುದು. ಅವರ ಹೆಸರು ಸುದ್ದಿಗೆ ಬರುವುದಿಲ್ಲ. ಆದರೆ ಅವರಿಲ್ಲದಿದ್ದರೆ ಯೀಸ್ಟಿನಿಂದ ಬಂದ ದೊಡ್ಡ ಜ್ಞಾನ ಚೆಲ್ಲಾಪಿಲ್ಲಿ. 2001, 2013, 2016ರ ವೈದ್ಯಕೀಯ ನೊಬೆಲ್‌ಗಳ ಹಿಂದೆ ಯೀಸ್ಟಿನ ಕೆಲಸ ಇದೆ. ಯೀಸ್ಟಿಗೆ ಬದುಕಲು ಬೇಕೇ ಬೇಕಾದ 414 ಜೀನುಗಳ ಜಾಗದಲ್ಲಿ ಮನುಷ್ಯರ ಜೀನು ಹಾಕಿ ನೋಡಿದ ತಂಡವೊಂದು, ಅರ್ಧದ ಹತ್ತಿರ ಹತ್ತಿರ ಕೆಲಸ ಮಾಡುತ್ತವೆ ಎಂದು 2015ರಲ್ಲಿ ತೋರಿಸಿತು. ಯೀಸ್ಟಿನ ಪುಟದಲ್ಲಿ ಬರೆದ ಮಾತು ಆಸ್ಪತ್ರೆಯ ವರದಿಯವರೆಗೆ ಹೋಗಬಹುದು ಎಂದು ಇದರ ಅರ್ಥ.

ಈ ಕೆಲಸಕ್ಕೆ ದುಡ್ಡು ಹೆಚ್ಚಾಗಿ ಬರುವುದು ಅಮೆರಿಕ ಸರಕಾರದ ಆರೋಗ್ಯ ಸಂಶೋಧನಾ ಅನುದಾನದಿಂದ. ಅದು ವರ್ಷ ವರ್ಷವೂ ಬಿಗಿಯಾಗುತ್ತಿದೆ. ಯೀಸ್ಟ್, ನೊಣ, ಹುಳ, ಮೀನು, ಇಲಿಗಳ ಡೇಟಾಬೇಸುಗಳು ಖರ್ಚು ಹಂಚಿಕೊಳ್ಳಲು 2016ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು. 2025ರಲ್ಲಿ ಹಣ್ಣಿನ ನೊಣದ ಫ್ಲೈಬೇಸಿಗೆ ಹಾರ್ವರ್ಡ್ ಮೂಲಕ ಬರುತ್ತಿದ್ದ ಅನುದಾನ ನಿಂತು, ಕೆಲಸಗಾರರನ್ನು ಬಿಡಬೇಕಾಯಿತು, ಬಳಕೆದಾರರ ಹತ್ತಿರ ಸಹಾಯ ಕೇಳಬೇಕಾಯಿತು. ನೊಣದ ಕಥೆ ನಾಳೆ ಯೀಸ್ಟಿಗೂ ಬರಬಹುದು ಎಂಬ ಹೆದರಿಕೆ ನನಗೆ ಇದೆ. ಮಂಗಳೂರು, ಮಣಿಪಾಲ, ಕೊಣಾಜೆಯ ಪ್ರಯೋಗಾಲಯಗಳು ಒಂದು ರೂಪಾಯಿ ಕೊಡದೆ ಇವನ್ನು ದಿನಾ ಬಳಸುತ್ತವೆ. ನಾವು ಈ ಬಗ್ಗೆ ಮಾತೂ ಆಡುವುದಿಲ್ಲ. ಭಾರತದ ಅನುದಾನ ಸಂಸ್ಥೆಗಳು ಒಂದಿಷ್ಟು ಕ್ಯುರೇಟರುಗಳ ಸಂಬಳವನ್ನಾದರೂ ಹೊರಬೇಕು ಎಂಬುದು ನನ್ನ ಅಭಿಪ್ರಾಯ. ಪದವಿ ಮುಗಿಸಿ ಕೆಲಸ ಹುಡುಕುವ ನಮ್ಮ ಮಕ್ಕಳಿಗೂ ಅದರಿಂದ ದಾರಿ ಆಗುತ್ತದೆ.

ಅಂಜೂರದ ಯೀಸ್ಟ್, ಕಳ್ಳಿನ ಯೀಸ್ಟ್

ಇನ್ನೊಂದು ಮಾತು. ಇಷ್ಟು ಹೊತ್ತು ಹೇಳಿದ ಜೀನೋಮ್ ಒಂದೇ ಒಂದು ತಳಿಯದ್ದು. ಅದರ ಹೆಸರು ಎಸ್288ಸಿ. ಅದರ ಪೂರ್ವಜ ಸಿಕ್ಕಿದ್ದು 1938ರಲ್ಲಿ, ಕ್ಯಾಲಿಫೋರ್ನಿಯಾದ ಮರ್ಸೆಡ್ ಊರಿನ ಒಂದು ಕೊಳೆತ ಅಂಜೂರದ ಹಣ್ಣಿನಲ್ಲಿ. 2018ರಲ್ಲಿ ಜಗತ್ತಿನ 1,011 ಯೀಸ್ಟ್ ತಳಿಗಳನ್ನು ಓದಿದಾಗ ಒಟ್ಟು 7,796 ಜೀನುಗಳು ಲೆಕ್ಕಕ್ಕೆ ಬಂದವು. ಎಲ್ಲರಲ್ಲೂ ಇದ್ದದ್ದು 4,940 ಮಾತ್ರ. ಉಳಿದವು ಕೆಲವರಲ್ಲಿ ಇವೆ, ಕೆಲವರಲ್ಲಿ ಇಲ್ಲ. ಹಾಗಾದರೆ ನಮ್ಮ ತೆಂಗಿನ ಮರದ, ತಾಳೆ ಮರದ ಕಳ್ಳಿನಲ್ಲಿ ಬೆಳೆದ ಯೀಸ್ಟಿನಲ್ಲಿ ಅಂಜೂರದ ಯೀಸ್ಟಿನಲ್ಲಿ ಇಲ್ಲದ ಜೀನುಗಳು ಇರಬಹುದು. ಎಸ್288ಸಿಯ ಪಟ್ಟಿಯನ್ನು ಅದರ ಮೇಲೆ ಹಾಸಿ ಹೆಸರು ನಕಲು ಮಾಡಿದರೆ ಅವು ಕಾಣುವುದೇ ಇಲ್ಲ. ಬೇರೆ ಊರಿನ ನಕ್ಷೆ ಹಿಡಿದು ನಮ್ಮ ಜಾಗ ಅಳೆದ ಹಾಗೆ ಆಗುತ್ತದೆ.

ನಮ್ಮಲ್ಲಿ ಈಗ ಪದ್ಧತಿ ಬದಲಾಗಿದೆ. ಪ್ರೈಮರ್ ತರಿಸುವ ಮೊದಲು ಪ್ರತಿ ಜೀನನ್ನೂ ಎಸ್‌ಜಿಡಿಯಲ್ಲಿ ನೋಡುವುದು ಕಡ್ಡಾಯ. ಯಾವ ಗುಂಪು, ಯಾರ ಮೇಲೆ ಹಾದುಹೋಗಿದೆ, ಸಾಕ್ಷ್ಯ ಏನು ಎಂದು ಬರೆದುಕೊಳ್ಳಬೇಕು. ಪಟ್ಟಿಯನ್ನು ಎಕ್ಸೆಲ್‌ಗೆ ಹಾಕುವಾಗ ಹೆಸರಿನ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಬೇಕು. ತಪ್ಪು ಕಂಡರೆ ಡೇಟಾಬೇಸಿನವರಿಗೆ ಬರೆಯಬೇಕು. ಯಾರು ಬೇಕಾದರೂ ಬರೆಯಬಹುದು, ದೊಡ್ಡ ಪ್ರೊಫೆಸರೇ ಆಗಬೇಕೆಂದಿಲ್ಲ.

ವಿದ್ಯಾರ್ಥಿನಿ ಹೊಸ ಪ್ರೈಮರ್ ತರಿಸಿದ್ದಾಳೆ, ಈ ಸಲ ನೇರವಾಗಿ ವಿಎಂಎ4ಕ್ಕೆ. 331 ಹಾದುಹೋಗದ ಭಾಗ ನೋಡಿ ಆರಿಸಿದ್ದಾಳೆ. ಕಳ್ಳಿನ ಯೀಸ್ಟಿನ ಡಿಎನ್‌ಎಯನ್ನು ಪೂರ್ತಿ ಓದಿಸಲು ಕಳಿಸಿದ್ದೇವೆ. ಅದು ಬಂದ ಮೇಲೆ ತುಂಬಲೆಂದು ಅವಳು ಒಂದು ಕೋಷ್ಟಕ ಮಾಡಿಟ್ಟಿದ್ದಾಳೆ: ಹೆಸರು, ಎಸ್288ಸಿಯಲ್ಲಿ ಇದೆಯೇ, ಯಾವ ಬಿಡುಗಡೆಯ ಪ್ರಕಾರ, ಸಾಕ್ಷ್ಯ ಏನು, ನೋಡಿದವರು ಯಾರು. ಕೊನೆಯ ಕಾಲಂ ನಾನು ಹೇಳಿದ್ದಲ್ಲ, ಅವಳೇ ಸೇರಿಸಿದ್ದು: ಮತ್ತೆ ಪರಿಶೀಲಿಸಬೇಕಾದ ದಿನ.